ಅವನ ಸ್ಟಿಕ್ ನನ್ನ ಕೈಯಾಗ

ಅಗಸಿ ಎಣ್ಣೆಯ ವಾಸನೆ ಒಮ್ಮೆ ಅಂಗೈಗೆ ಹತ್ತಿತೆಂದರೆ ಸಾಬೂನಿಗೆ ಬಗ್ಗುವುದಿಲ್ಲ. ಬುಧವಾರ ಸಂಜೆ ಅಂಗಡಿ ಬೇಗ ಮುಚ್ಚಿ, ಕುರ್ಲಾ ಸ್ಟೇಷನ್ನಿನ ಹೊರಗಿನ ಬಣ್ಣದ ಅಂಗಡಿಯಲ್ಲಿ ಒಂದು ಸಣ್ಣ ಬಾಟಲಿ ಕೊಂಡೆ. ಅಲ್ಲಿಯೂ ಚೌಕಾಶಿ ಬಿಡಲಿಲ್ಲ. ಮನಸ್ಸು ಎಲ್ಲಿದ್ದರೂ ನನ್ನ ಬಾಯಿ ತನ್ನ ಕೆಲಸ ತಾನು ಮಾಡುತ್ತದೆ. ಮನೆಗೆ ಬಂದು, ಅಟ್ಟದ ಮೇಲೆ ಗೋಣಿತಟ್ಟಿನಲ್ಲಿ ಸುತ್ತಿಟ್ಟಿದ್ದ ಹಾಕಿ ಸ್ಟಿಕ್ ಇಳಿಸಿ, ಹಳೆಯ ಬನಿಯನ್ನಿನ ತುಂಡಿನಿಂದ ಎಣ್ಣೆ ತಿಕ್ಕುತ್ತ ಕೂತೆ. ಒಣಗಿದ ಕಟ್ಟಿಗೆ ನೋಡ್ರಿ, ಹತ್ತು ವರ್ಷದ ಉಪವಾಸ. ತಿಕ್ಕಿದಷ್ಟೂ ಕುಡಿಯುತ್ತಲೇ ಇತ್ತು.

“ಅಗಸಿ ಅಂದ್ರ ಚಟ್ನಿಪುಡಿಗೆ ಅಂತ ತಿಳಿದಿದ್ದೆ,” ಅಂದಳು ಹೆಂಡತಿ. “ಕಟ್ಟಿಗಿಗೆ ಉಣಿಸೂ ಗಂಡಸನ್ನ ಇವತ್ತ ಕಂಡೆ. ಯಾವಾಗ ಆಡತಿದ್ರಿ ನೀವು ಇದನ್ನ?”

“ಇದು ನಂದಲ್ಲ.”

“ಮತ್ತ ಯಾರ್ದು?”

ಬನಿಯನ್ನಿನ ತುಂಡಿಗೆ ಇನ್ನಷ್ಟು ಎಣ್ಣೆ ಸುರಿದೆ. ಸಾಮಾನ್ಯವಾಗಿ ನಾನು ಒಂದು ಪ್ರಶ್ನೆಗೆ ಮೂರು ಉತ್ತರ, ಮೇಲೊಂದು ಉಪದೇಶ ಕೊಡುವವ. ನನ್ನ ಸುಮ್ಮನಿರುವಿಕೆ ನೋಡಿ ಅವಳಿಗೆ ಗಾಬರಿಯಾಗಿರಬೇಕು, ಹಣೆ ಮುಟ್ಟಿ ನೋಡಿ ಹೋದಳು.

ಗಾಬರಿ ನನಗೂ ಇತ್ತು. ಆ ವಾರ ಒಂದು ಪೋಸ್ಟ್‌ಕಾರ್ಡ್ ಬಂದಿತ್ತು. ಅಕ್ಷರ ಸೊಟ್ಟ, ಆದರೆ ಒಂದೊಂದೂ ಮೊಳೆ ಹೊಡೆದ ಹಾಗೆ. “ನಾನು ಗದಗಕ್ಕ ಹೊಂಟೇನಿ, ತಿರುಗಿ ಬರೂದಿಲ್ಲ. ಗುರುವಾರ ಸಂಜಿಕ ಎಲ್ಲಾರೂ ಅಂಧೇರಿ ಮೈದಾನಕ್ಕ ಬರ್ರಿ. ಐದಕ್ಕ ದಾದರ ಬ್ರಿಜ್ ದಾಟಿ ಬರಬೇಕು, ಮೊದಲಿನಂಗ. ಸ್ಟಿಕ್ ಮರೀಬ್ಯಾಡ. ಖಾದರಸಾಬ.” ಯಾರ ಸ್ಟಿಕ್ ಎಂದು ಅವರು ಬರೆದಿರಲಿಲ್ಲ. ಬರೆಯುವ ಅಗತ್ಯವೂ ಇರಲಿಲ್ಲ. ಐದು ದಿನ ನಾನು ಆ ಕಾರ್ಡನ್ನು ಗಲ್ಲಾಪೆಟ್ಟಿಗೆಯ ಕೆಳಗೆ ಇಟ್ಟು, ಗಿರಾಕಿ ಇಲ್ಲದಾಗ ತೆಗೆದು ನೋಡಿ, ಮತ್ತೆ ಅಲ್ಲೇ ತುರುಕಿದೆ. ಹೋಗದೆ ಇರಲು ಒಳ್ಳೆಯ ನೆಪ ಹತ್ತು ಸಿಕ್ಕವು. ಹೋಗಲು ಇದ್ದದ್ದು ಒಂದೇ ಕಾರಣ, ಅದೂ ಒಳ್ಳೆಯದಲ್ಲ.

ನಿಮಗೆ ಮೊದಲಿನಿಂದ ಹೇಳುತ್ತೇನೆ. ಅವಸರ ಮಾಡಬೇಡಿ. ಅವಸರದಲ್ಲಿ ಕೊಂಡ ಮಾಲು, ಅವಸರದಲ್ಲಿ ಕೇಳಿದ ಕಥೆ ಎರಡೂ ಮನೆಗೆ ಹೋದಮೇಲೆ ಸೀಳು ತೋರಿಸುತ್ತವೆ.

ಹತ್ತು ವರ್ಷದ ಹಿಂದೆ ನಾನು ಕುರ್ಲಾದ ಒಂದು ಫ್ಯಾನಿನ ಕಾರ್ಖಾನೆಯಲ್ಲಿ ಟೆಂಪರರಿ. ಈಗ ಹಳೆಯ ಫ್ಯಾನು, ಹಳೆಯ ಮೋಟಾರು ಕೊಂಡು ಮಾರುತ್ತ ನಾಲ್ಕು ಮಂದಿಗೆ ಬುದ್ಧಿ ಹೇಳುವ ಅಂಗಡಿಕಾರನಾಗಿದ್ದೇನಲ್ಲ, ಆಗ ಹಾಗಿರಲಿಲ್ಲ. ಟೆಂಪರರಿ ಅಂದರೆ ಏನೆಂದು ಮುಂಬಯಿಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ: ಕೆಲಸ ಎಲ್ಲರಷ್ಟೇ, ಹೆಸರು ಮಾತ್ರ ಸೀಮೆಸುಣ್ಣದಲ್ಲಿ. ಕೆಲವು ತಿಂಗಳಿಗೊಮ್ಮೆ ಶನಿವಾರ ಗೇಟಿನ ಹತ್ತಿರ ಒಂದು ಹಾಳೆ ಅಂಟಿಸುತ್ತಿದ್ದರು. ಹೆಸರು ಇದ್ದವರಿಗೆ ‘ಬ್ರೇಕ್’. ಬ್ರೇಕ್ ಆದವನನ್ನು ತಿರುಗಿ ಕರೆದರೂ ಕರೆದರು, ಇಲ್ಲದಿದ್ದರೆ ಇಲ್ಲ. ಹಾಳೆಯ ಮುಂದೆ ನಿಂತು ಹೆಸರನ್ನು ಕೆಳಗಿನಿಂದ ಮೇಲಕ್ಕೆ ಓದುತ್ತಿದ್ದೆ. ಮೇಲಿನಿಂದ ಓದಿದರೆ ಬೇಗ ಸಿಗಬಹುದೆಂಬ ಹೆದರಿಕೆ.

ನನ್ನನ್ನು ಒಳಗೆ ತೆಗೆದುಕೊಂಡದ್ದೇ ಹಾಕಿಯ ಸಲುವಾಗಿ. ಹುಬ್ಬಳ್ಳಿಯ ರೈಲ್ವೆ ಮೈದಾನದ ಅಂಚಿನಲ್ಲಿ ಬೆಳೆದವ ನಾನು, ಚೆಂಡು ಹೆಕ್ಕಿ ಕೊಡುತ್ತ ಆಟ ಕಲಿತವ. ಕಾರ್ಖಾನೆಯ ದೊಡ್ಡ ಸಾಹೇಬರಿಗೆ ಹಾಕಿಯ ಹುಚ್ಚು. ಲೀಗಿನಲ್ಲಿ ನಮ್ಮ ಟೀಮು ತನ್ನ ಡಿವಿಜನ್ನಿನಲ್ಲಿ ಉಳಿದರೆ ಮೂವರು ಟೆಂಪರರಿಗಳು ಪರ್ಮನೆಂಟ್. ಕೆಳಗೆ ಇಳಿದರೆ ಟೀಮೇ ಬಂದ್, ಆಡುವ ಟೆಂಪರರಿಗಳೆಲ್ಲ ಮನೆಗೆ. ಆ ವರ್ಷ ಹೀಗೆಂದು ಬಾಯಿಮಾತಿನಲ್ಲಿ ತಿಳಿಸಿದ್ದರು. ಅಂದಿನಿಂದ ನಾನು ಚೆಂಡು ನೋಡಿದರೆ ಚೆಂಡು ಕಾಣುತ್ತಿರಲಿಲ್ಲ, ಗೇಟಿನ ಹಾಳೆ ಕಾಣುತ್ತಿತ್ತು.

ಟೀಮನ್ನು ಕಟ್ಟುತ್ತಿದ್ದವರು ಖಾದರಸಾಬರು. ಗದಗದವರು, ಟೂಲ್‌ರೂಮಿನಲ್ಲಿ ಫಿಟ್ಟರ್. ಮನೆಯಲ್ಲಿ ದಖನಿ ಉರ್ದು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಎಲ್ಲರೂ ಅವರನ್ನು ‘ಚಾಚಾ’ ಅನ್ನುತ್ತಿದ್ದೆವು. ಹಾಕಿಯಲ್ಲಿ ಆಗ ಮುಂದೆ ಐದು ಮಂದಿ ಫಾರ್ವರ್ಡು, ನಡುವೆ ಮೂವರು ಹಾಫು, ಹಿಂದೆ ಇಬ್ಬರು ಬ್ಯಾಕು, ಗೋಲಿನಲ್ಲಿ ಒಬ್ಬ. ಬೇರೆಯವರು ಮುಂದಿನವರನ್ನು ಮುಂದಿನವರ ಜೊತೆ, ಹಿಂದಿನವರನ್ನು ಹಿಂದಿನವರ ಜೊತೆ ತಾಲೀಮು ಮಾಡಿಸುತ್ತಿದ್ದರು. ಚಾಚಾ ಹಾಗಲ್ಲ. ಮುಂದಿನವನೊಬ್ಬ, ಹಿಂದಿನವನೊಬ್ಬ, ಹೀಗೆ ಐದು ಜೋಡಿ. ಗೋಲಿ ಮಾತ್ರ ಒಂಟಿ. ಅವನ ಜೋಡಿ ನಾನು, ಅನ್ನುತ್ತಿದ್ದರು ಚಾಚಾ.

“ನಟ್ಟು ಬೇರೆ, ಬೋಲ್ಟು ಬೇರೆ ತಯಾರ್ ಮಾಡಬಹುದು,” ಅನ್ನುತ್ತಿದ್ದರು. “ಖರೆ ಅವೆರಡೂ ಕೂಡತಾವೋ ಇಲ್ಲೋ, ಕೂಡಿಸಿ ತಿರುವಿದಾಗ ಗೊತ್ತು. ನೋಡಿ ಹೇಳಾಕ ಆಗೂದಿಲ್ಲ. ಕೈಗೆ ಗೊತ್ತಾಗತೈತಿ.”

ಕೂಡಿಸಿ ತಿರುವಲು ಅವರು ಆರಿಸಿಕೊಂಡ ಜಾಗ ಮೈದಾನವಲ್ಲ, ಲೋಕಲ್ ರೈಲು. ನಮ್ಮ ಕಾರ್ಖಾನೆಗೆ ಗುರುವಾರ ರಜೆ, ಊರಿಗೆಲ್ಲ ಕೆಲಸದ ದಿನ. ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಮಂದಿ ಬಾಗಿಲಿಗೆ ಜೋತುಬಿದ್ದು ಹೋಗುವ ಹೊತ್ತಿಗೆ, ನಮ್ಮನ್ನು ಕುರ್ಲಾದ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಿಸುತ್ತಿದ್ದರು. ತಾಲೀಮಿನ ಮೈದಾನ ಅಂಧೇರಿಯಲ್ಲಿ. ದಾದರಿನಲ್ಲಿ ಇಳಿದು, ಬ್ರಿಜ್ ದಾಟಿ, ಆ ಕಡೆಯ ಲೈನಿನ ಗಾಡಿ ಹಿಡಿಯಬೇಕು. ನಿಯಮ ಒಂದೇ. ನಿನ್ನ ಸ್ಟಿಕ್ ನಿನ್ನ ಜೋಡಿಯ ಕೈಯಾಗ, ಅವನ ಸ್ಟಿಕ್ ನಿನ್ನ ಕೈಯಾಗ. ತಪ್ಪಿಸಿಕೊಂಡಿರೋ, ಇಬ್ಬರಿಗೂ ಅಂದು ಪರರ ಸ್ಟಿಕ್ಕಿನಲ್ಲೇ ಆಟ. ಬ್ಯಾಕಿನ ಸ್ಟಿಕ್ ಭಾರ, ಫಾರ್ವರ್ಡಿನದು ಹಗುರ, ಹಿಡಿದರೆ ತಿಳಿಯುತ್ತದೆ. “ಅವನ ತೂಕ ನಿನ್ನ ಕೈಗೆ ಗೊತ್ತಿರಬೇಕು” ಎಂದು ಹೇಳಿ, ಚಾಚಾ ಒಂದು ಗಾಡಿ ಮುಂಚೆ ಹೋಗಿ ದಾದರ ಬ್ರಿಜ್ಜಿನ ಕಂಬಿಗೆ ಒರಗಿ ನಿಲ್ಲುತ್ತಿದ್ದರು. ಯಾರು ಯಾರನ್ನು ಬಿಟ್ಟು ಬಂದ, ಯಾರು ತಿರುಗಿ ತಿರುಗಿ ನೋಡಿದ, ಯಾರು ನೋಡದೆಯೇ ಬಂದರೂ ಜೋಡಿ ಪಕ್ಕದಲ್ಲೇ ಇದ್ದ, ಎಲ್ಲ ಮೇಲಿನಿಂದ ನೋಡುವುದು. ವಾರಕ್ಕೊಮ್ಮೆ ಜೋಡಿ ಬದಲು. ತಿಂಗಳೆರಡು ಕಳೆದಮೇಲೆ ಯಾರ ಜೊತೆ ಯಾರು ಆಡಬೇಕೆಂಬುದು ಬ್ರಿಜ್ಜಿನ ಮೇಲೇ ತೀರ್ಮಾನ.

ಇದರಿಂದ ಹೆಚ್ಚು ತೊಂದರೆ ಪೀಟರನಿಗೆ. ಅವನು ನಮ್ಮ ಟೀಮಿನ ಹೀರೋ, ಮಲಾಡಿನವ. ಮಲಾಡಿನಿಂದ ಅಂಧೇರಿ ಕೂಗಿದರೆ ಕೇಳುವಷ್ಟು ದೂರ. ಆದರೂ ಗುರುವಾರ ಅವನು ದಾದರ ಸುತ್ತಿ ಕುರ್ಲಾಕ್ಕೆ ಬರಬೇಕು, ಬಂದ ದಾರಿಯಲ್ಲೇ ಅಂಧೇರಿಗೆ ತಿರುಗಿ ಹೋಗಬೇಕು.

“ಚಾಚಾ, ಅಂಧೇರಿ ತೋ ಮೇರೆ ರಸ್ತೇ ಮೇ ಹೈ!” ಅಂಧೇರಿ ನನ್ನ ದಾರಿಯಲ್ಲೇ ಇದೆಯಲ್ಲ ಎಂದು ಪ್ರತಿವಾರ ಗೋಳು.

“ರಸ್ತಾ ನಿಂದೈತಿ ಬೇಟಾ, ಜೋಡಿ ನಿಂದಲ್ಲ,” ಎಂದು ಪ್ರತಿವಾರ ಉತ್ತರ.

ನಾನು ಬಲಗಡೆಯ ಬ್ಯಾಕ್. ನನ್ನ ಮುಂದೆ ಬಲಗಡೆ ಒಳಬದಿಯಲ್ಲಿ ಆಡುವ ಫಾರ್ವರ್ಡು ನನ್ನ ಜೋಡಿಯಾಗಬೇಕು. ಚಾಚಾ ಮತ್ತೆ ಮತ್ತೆ ನನಗೆ ಕಟ್ಟುತ್ತಿದ್ದದ್ದು ಫಕೀರಪ್ಪನನ್ನು. ಲಕ್ಷ್ಮೇಶ್ವರದ ಕಡೆಯವ, ಪೇಂಟ್ ಶಾಪಿನಲ್ಲಿ ನನ್ನಂತೆಯೇ ಟೆಂಪರರಿ. ಮಾತು ಕಡಿಮೆ. ಹತ್ತು ಕೇಳಿದರೆ ಒಂದು ಹೇಳುವವ, ಆ ಒಂದೂ ಹತ್ತು ನಿಮಿಷ ಬಿಟ್ಟು. ಗಾಡಿ ಬಂದರೆ ನಾನು ಮೊಣಕೈ ಹಾಕಿ ಮೊದಲು ಒಳಗೆ. ಅವನು ಪ್ಲಾಟ್‌ಫಾರ್ಮಿನಲ್ಲಿ ನಿಂತು ಎಲ್ಲರೂ ಹತ್ತಲಿ ಎಂದು ಕಾಯುವುದು. ಗಾಡಿ ಅಲುಗಿದ ಮೇಲೆ, ಎಲ್ಲರೂ ಒಳಗೆ ನುಗ್ಗಿ ಬಾಗಿಲಲ್ಲಿ ಒಂದು ಕಾಲು ಇಡುವಷ್ಟು ಜಾಗ ತೆರೆಯುತ್ತಲ್ಲ, ಅಲ್ಲಿ ಬಂದು ಕಾಲಿಡುವುದು. ಪ್ರತಿಸಲ ನಾನು ಒಳಗಿನಿಂದ ಕತ್ತು ಚಾಚಿ ಹುಡುಕುತ್ತಿದ್ದೆ. ನನ್ನ ಸ್ಟಿಕ್ ಅವನ ಕೈಯಲ್ಲಿ!

“ಲೇ ಫಕೀರಾ, ಮೊದಲ ಹತ್ತಾಕ ನಿನಗೇನ ರೋಗ?”

ದಾದರ ಬಂದು ಇಳಿಯುವಾಗ ಅಂದ: “ಮೊದಲ ಹತ್ತಿದವ್ರಿಗೆ ನಿಂದ್ರಾಕ ಜಾಗಾ ಸಿಗೂದಿಲ್ಲೋ, ತಳ್ಳಿಸಿಕೋತಾರ. ಕಡೀಗೆ ಹತ್ತಿದವಗ ಬಾಗಲಾನ ಸಿಗತೈತಿ.”

ಇದು ಹಾಕಿಯ ಮಾತು ಎಂದು ನನಗೆ ತಿಳಿಯಲು ಬಹಳ ದಿನ ಬೇಕಾಯಿತು. ಆಗ ತಿಳಿದದ್ದು ಇಷ್ಟೇ: ಇವನ ಜೊತೆ ಇದ್ದರೆ ಸಾಹೇಬರ ಕಣ್ಣು ನನ್ನ ಮೇಲೆ ಬೀಳುವುದಿಲ್ಲ. ಸಾಹೇಬರು ನೋಡುವುದು ಪೀಟರನನ್ನು. ಪೀಟರನಿಗೆ ಚೆಂಡು ಕೊಡುವವನೂ ಆ ಜೊತೆಯಲ್ಲೇ ಕಾಣುತ್ತಾನೆ. ಒಳ್ಳೆಯ ಮಾಲಿನ ಪಕ್ಕ ಇಟ್ಟ ಮಾಲೂ ಒಳ್ಳೆಯದಾಗಿ ಕಾಣುತ್ತದೆ, ಇದು ಅಂಗಡಿ ಇಡುವ ಮೊದಲೇ ನನಗೆ ಗೊತ್ತಿದ್ದ ವಿದ್ಯೆ. ಪೀಟರ ಆಗ ಎಡಗಡೆ ಆಡುತ್ತಿದ್ದ. ಅವನನ್ನು ಬಲಕ್ಕೆ ತರಬೇಕು, ಫಕೀರಪ್ಪನನ್ನು ಎಡಕ್ಕೆ ಸಾಗಿಸಬೇಕು. ಚಾಚಾರಿಗೆ ಹೇಳಿದರೆ ಕೇಳುವವರಲ್ಲ. ಕೇಳುವುದು ಬ್ರಿಜ್ಜಿನ ಮಾತು ಮಾತ್ರ.

ಹಾಗಾದರೆ ಬ್ರಿಜ್ಜಿಗೇ ಮಾತು ಕಲಿಸೋಣ ಅಂದುಕೊಂಡೆ. ಕ್ಯಾಂಟೀನಿನಲ್ಲಿ ಪೀಟರನಿಗೆ ವಡಾಪಾವ್ ಕೊಡಿಸಿ ಒಪ್ಪಂದ ಮಾಡಿದೆ. ಕುರ್ಲಾದಲ್ಲಿ ಯಾರು ಎಲ್ಲಾದರೂ ಹತ್ತಲಿ, ದಾದರಿನಲ್ಲಿ ಇಳಿದು ಮೊದಲನೇ ಮೆಟ್ಟಿಲಿನ ಬುಡದ ಬುಕ್‌ಸ್ಟಾಲಿನ ಮುಂದೆ ಕೂಡುವುದು, ಅಲ್ಲಿಂದ ಮೇಲಕ್ಕೆ ಒಟ್ಟಿಗೆ, ಒಬ್ಬರ ಮುಖ ಒಬ್ಬರು ನೋಡದೆ. ಪೀಟರನಿಗೆ ಈ ಆಟ ಸುಲಭವಾಗಿ ಕಂಡಿತು, ಹೂಂ ಅಂದ. ಮೂರು ಗುರುವಾರ ನಮ್ಮ ಸರದಿ ಬಂತು, ಮೂರೂ ಸಲ ನಾವಿಬ್ಬರು ಬ್ರಿಜ್ಜಿನ ಮೇಲೆ ಮದುವೆ ಮೆರವಣಿಗೆಯಂತೆ ಬಂದೆವು. ಚಾಚಾ ಕಂಬಿಗೆ ಒರಗಿ ನೋಡಿದರು. ತಲೆ ಅಲ್ಲಾಡಿಸಿದರು. ಅದು ಮೆಚ್ಚಿಗೆಯೋ ಸಂಶಯವೋ ಎಂದು ಆ ರಾತ್ರಿ ಹೊರಳಾಡಿದ್ದು ನೆನಪಿದೆ. ತಿಂಗಳೆರಡು ಮುಗಿದಾಗ ಜೋಡಿ ಹೇಳಿದರು: ಬಲಕ್ಕೆ ನಾನು ಮತ್ತು ಪೀಟರ್, ಎಡಕ್ಕೆ ಫಕೀರಪ್ಪ.

ಫಕೀರಪ್ಪ ನನ್ನ ಸ್ಟಿಕ್ ನನಗೆ ಕೊಟ್ಟು, ತನ್ನದು ತಗೊಂಡು, “ಅವ ಚಲೋ ಆಡತಾನ,” ಅಂದ. ಅಷ್ಟೇ. ನನಗೆ ಅವನು ಬೈದಿದ್ದರೆ ಹಗುರಾಗುತ್ತಿತ್ತು.

ಲೀಗಿನ ಕೊನೆಯ ಪಂದ್ಯ. ಡ್ರಾ ಆದರೆ ಸಾಕು, ಉಳಿದುಕೊಳ್ಳುತ್ತೇವೆ. ಸೋತರೆ ಕೆಳಗೆ. ಗೆರೆಯ ಆಚೆ ಕುರ್ಚಿ ಹಾಕಿ ಸಾಹೇಬರು ಕೂತಿದ್ದಾರೆ, ಪಕ್ಕದಲ್ಲಿ ಗೇಟಿನ ಹಾಳೆ ಬರೆಯುವ ಪರ್ಸನೆಲ್ ಸಾಹೇಬರು. ನನ್ನ ಅಂಗೈ ಬೆವತು ಸ್ಟಿಕ್ಕು ನಿಲ್ಲುತ್ತಿಲ್ಲ. ಮಣ್ಣು ಹಚ್ಚಿಕೊಂಡೆ, ಅದೂ ಕೆಸರಾಯಿತು.

ನಾನು ಮತ್ತು ಪೀಟರ್ ಮೈದಾನಕ್ಕೂ ಒಪ್ಪಂದ ಮಾಡಿಕೊಂಡಿದ್ದೆವು. ಬಲಗಡೆಯ ಮೂಲೆಯ ಆಚೆ ಒಂದು ಹುಣಸೆಮರ. ನಾನು ಆ ಮರದ ನೇರಕ್ಕೆ ಹೊಡೆಯುವುದು, ಅವನು ಅಲ್ಲಿ ಇರುವುದು. ಮೊದಲನೇ ಸಲ ಚೆಂಡು ಹೋಯಿತು, ಪೀಟರ್ ಇದ್ದ, ಮಂದಿ ಚಪ್ಪಾಳೆ. ಎರಡನೇ ಸಲವೂ ಇದ್ದ. ಮೂರನೇ ಸಲ ಎದುರಿನವರ ಒಬ್ಬ ಹಾಫ್ ಕೂಡ ಇದ್ದ. ಆಮೇಲಿಂದ ಆ ಹಾಫ್ ರೇಷನ್ ಅಂಗಡಿಯ ಸಾಲಿನಲ್ಲಿ ಜಾಗ ಹಿಡಿದವನಂತೆ ಅಲ್ಲೇ ನಿಂತುಬಿಟ್ಟ. ನಾನು ಹೊಡೆಯುವುದು, ಅವನು ತಡೆಯುವುದು. ಬೇರೆ ಕಡೆ ಹೊಡೆಯೋಣವೆಂದರೆ ಪೀಟರ್ ಎಲ್ಲಿರುತ್ತಾನೆಂದು ನನಗೆ ಗೊತ್ತಿಲ್ಲ, ನಾನು ಎಲ್ಲಿ ಹೊಡೆಯುತ್ತೇನೆಂದು ಅವನಿಗೆ ಗೊತ್ತಿಲ್ಲ. ಮೂರು ವಾರ ಒಟ್ಟಿಗೆ ನಡೆದಿದ್ದೆವು, ಒಂದು ಸಲವೂ ಹುಡುಕಿಕೊಂಡಿರಲಿಲ್ಲ. ಹಾಗೆ ತಡೆದ ಒಂದು ಚೆಂಡೇ ತಿರುಗಿ ಬಂದು ನಮ್ಮ ಗೋಲಿನೊಳಗೆ ಹೋಯಿತು. ಅರ್ಧ ಆಟಕ್ಕೆ ಒಂದು–ಸೊನ್ನೆ.

ಚಾಚಾ ನಿಂಬೆಹಣ್ಣಿನ ಹೋಳು ಹಂಚುತ್ತ ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತರು. ದನಿ ಏರಿಸಲಿಲ್ಲ.

“ದಾದರಿನ್ಯಾಗ ಎಲ್ಲಿ ಕೂಡತಿದ್ರಿ, ನೀನೂ ಪೀಟರೂ?”

ಸುಳ್ಳು ಬಾಯಿಗೆ ಬಂದಿತ್ತು. ಅವರ ಕಣ್ಣು ನೋಡಿ ಹಿಂದಕ್ಕೆ ಹೋಯಿತು. “ಬುಕ್‌ಸ್ಟಾಲಿನ ಮುಂದ, ಚಾಚಾ.”

ಅವರು ಮೈದಾನದ ಈ ತುದಿಯಿಂದ ಆ ತುದಿಯ ತನಕ ನೋಡಿದರು.

“ಇಲ್ಲೆಲ್ಲಿ ಐತಪಾ ಬುಕ್‌ಸ್ಟಾಲು?”

ಎದ್ದು ಹೋದರು. ಸೀಟಿ ಊದುವ ಮೊದಲು ಪೀಟರನನ್ನು ಎಡಕ್ಕೆ, ಫಕೀರಪ್ಪನನ್ನು ಬಲಕ್ಕೆ ಕಳಿಸಿದರು.

ಎರಡನೇ ಅರ್ಧದ ಬಹಳಷ್ಟು ನನಗೆ ನೆನಪಿಲ್ಲ. ಹೆದರಿದವನ ನೆನಪು ಹರಿದ ಚೀಲ ಇದ್ದ ಹಾಗೆ. ಒಂದು ಮಾತ್ರ ಉಳಿದಿದೆ. ಆಟ ಮುಗಿಯಲು ಸ್ವಲ್ಪವೇ ಹೊತ್ತು, ಚೆಂಡು ನನ್ನ ಕಾಲಬುಡದಲ್ಲಿ, ಎದುರಿಗೆ ಇಬ್ಬರು ನುಗ್ಗುತ್ತಿದ್ದಾರೆ. ತಲೆ ಎತ್ತಿ ಫಕೀರಪ್ಪನನ್ನು ಹುಡುಕಲು ಹೊತ್ತಿಲ್ಲ. ಆಗ ನನ್ನ ಕಣ್ಣಿಗೆ ಬಂದದ್ದು ಕುರ್ಲಾದ ಪ್ಲಾಟ್‌ಫಾರ್ಮು: ಎಲ್ಲರೂ ನುಗ್ಗಿದ ಮೇಲೆ ಬಾಗಿಲಲ್ಲಿ ತೆರೆಯುವ ಒಂದು ಕಾಲಿನ ಜಾಗ. ಎದುರಿನವರೆಲ್ಲ ನನ್ನ ರೂಢಿಯ ಬಲಮೂಲೆಯ ಕಡೆ ನುಗ್ಗಿದ್ದರಿಂದ ಅವರ ಬೆನ್ನ ಹಿಂದೆ, ನಡುವೆ, ಒಂದು ಬಯಲು ತೆರೆದಿತ್ತು. ಅಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದ ಜಾಗಕ್ಕೆ ಹೊಡೆದೆ. ಗೆರೆಯ ಆಚೆಯಿಂದ ಯಾರೋ ಥೂ ಅಂದದ್ದು ಕೇಳಿಸಿತು. ಅಷ್ಟರಲ್ಲಿ ಎಲ್ಲರಿಗಿಂತ ಕೊನೆಗೆ, ಗಾಡಿ ಅಲುಗಿದ ಮೇಲೆ ಬರುವವನಂತೆ, ಫಕೀರಪ್ಪ ಬಂದ. ಒಂದು–ಒಂದು. ಉಳಿದೆವು.

ಬರುವಾಗ ಚಾಚಾ ನನ್ನ ಸ್ಟಿಕ್ ಕಿತ್ತು ಫಕೀರಪ್ಪನ ಕೈಗೆ, ಅವನದು ನನ್ನ ಕೈಗೆ ಕೊಟ್ಟರು, ಅಷ್ಟೇ. ಅವತ್ತು ದಾದರ ಬ್ರಿಜ್ಜಿನ ಮೇಲೆ ನಾನು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ನೋಡಬೇಕೆಂದೂ ಅನಿಸಲಿಲ್ಲ. ನನ್ನ ಬದುಕಿನಲ್ಲಿ ನಾನು ಅಂಜದೆ ನಡೆದ ಐದು ನಿಮಿಷ ಅವು ಅಂತ ಬೇಕಾದರೆ ಬರೆದುಕೊಡುತ್ತೇನೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಸ್ಟಿಕ್ಕು ಅಟ್ಟದ ಮೇಲೆ ಯಾಕೆ ಇರುತ್ತಿತ್ತು?

ಮೂರು ಜಾಗದಲ್ಲಿ ಎರಡು ಮರುದಿನವೇ ಹಂಚಿಹೋದವು, ಅದರಲ್ಲೊಂದು ಪೀಟರನಿಗೆ. ಮೂರನೆಯದಕ್ಕೆ ಪರ್ಸನೆಲ್ ಸಾಹೇಬರು ಚಾಚಾರನ್ನೂ ನನ್ನನ್ನೂ ಕ್ಯಾಬಿನ್ನಿಗೆ ಕರೆದರು. ಫಕೀರಪ್ಪ ಪೇಂಟ್ ಶಾಪಿನಲ್ಲಿ ಪಾಳಿಯ ಮೇಲಿದ್ದ. ಬಲಗಡೆಯ ಇಬ್ಬರೂ ಟೆಂಪರರಿ, ಒಬ್ಬನನ್ನು ತಗೊಳ್ಳುತ್ತೇವೆ, ಯಾರನ್ನು ಎಂದು ಕೋಚೇ ಹೇಳಲಿ ಅಂದರು.

“ಸಾಬ್, ಯೇ ಜೋಡಿ ಹೈ,” ಅಂದರು ಚಾಚಾ. “ಏಕ್ ಚಪ್ಪಲ್ ಕೌನ್ ಬೇಚ್ತಾ ಹೈ? ದೋನೋ ಲೋ, ನಹೀ ತೋ ದೋನೋ ಛೋಡೋ.” ಒಂದೇ ಚಪ್ಪಲಿ ಯಾರು ಮಾರುತ್ತಾರೆ? ತಗೊಂಡರೆ ಇಬ್ಬರನ್ನೂ ತಗೊಳ್ಳಿ, ಇಲ್ಲವಾದರೆ ಇಬ್ಬರನ್ನೂ ಬಿಡಿ.

ನನ್ನ ಕಿವಿಯೊಳಗೆ ಫ್ಯಾನು ತಿರುಗಿದಂತಾಯಿತು. ಇಬ್ಬರನ್ನೂ ಬಿಡಿ? ಈ ಮುದುಕ ಯಾರ ಅನ್ನದ ಮೇಲೆ ಪಂಥ ಕಟ್ಟುತ್ತಿದ್ದಾನೆ?

“ಖಾದರ್, ಜಾಗಾ ಏಕ್ ಹೈ,” ಅಂದರು ಸಾಹೇಬರು. “ನಾಮ್ ಬೋಲೋ.” ಇರುವುದು ಒಂದೇ ಜಾಗ, ಹೆಸರು ಹೇಳು.

“ದೋ ನಾಮ್ ಬೋಲಾ, ಸಾಬ್.”

ಸಾಹೇಬರು ಪೆನ್ನಿನ ಟೊಪ್ಪಿಗೆ ತೆಗೆದರು, ಹಾಕಿದರು. ಎದುರಿನ ಕಾಗದ ನೋಡಿದರು. ಎರಡನೆಯ ಸಲ ಕೇಳಿದರು. ಚಾಚಾರದು ಅದೇ ಉತ್ತರ. ಮೂರನೆಯ ಸಲ ಕೇಳುವಾಗ ಅವರ ದನಿ ಸ್ವಲ್ಪ ಇಳಿದಿತ್ತು. ಅದು ನನಗೆ ಆಗ ಸಿಟ್ಟಿನ ದನಿಯಾಗಿ ಕೇಳಿಸಿತು. ಚಾಚಾ ಬಾಯಿ ತೆರೆಯುವ ಮೊದಲು ನಾನು ತೆರೆದೆ.

“ಸಾಬ್, ಮೈ,” ಅಂದೆ. ನಾನು.

ಸಾಹೇಬರು ತಲೆ ಎತ್ತಲಿಲ್ಲ. ಬರೆದುಕೊಂಡರು. ಪೆನ್ನಿನ ಟೊಪ್ಪಿಗೆ ಹಾಕಿದರು, ಈ ಸಲ ತೆಗೆಯಲಿಲ್ಲ.

ಹೊರಗೆ ಬಂದಮೇಲೆ ಚಾಚಾ ಬಹಳ ಹೊತ್ತು ನನ್ನನ್ನು ನೋಡಿದರು. “ಮತ್ತ ಹೋಗಿ ಬುಕ್‌ಸ್ಟಾಲಿನ ಮುಂದ ನಿಂತಿ ನೀನು,” ಅಂದು, ಟೂಲ್‌ರೂಮಿನ ಕಡೆ ನಡೆದುಬಿಟ್ಟರು.

ಆ ಶನಿವಾರದ ಹಾಳೆಯಲ್ಲಿ ಫಕೀರಪ್ಪನ ಹೆಸರಿತ್ತು. ನಾನು ಮೊದಲ ಸಲ ಹಾಳೆಯನ್ನು ಮೇಲಿನಿಂದ ಓದಿದೆ. ಮರುದಿನ ಅವನು ನಮ್ಮ ಚಾಳಿನ ಮನೆಗೆ ಬಂದ, ನನ್ನ ಸ್ಟಿಕ್ ವಾಪಸು ಕೊಡಲು. ಪಂದ್ಯದ ದಿನದಿಂದ ಅದು ಅವನ ಹತ್ತಿರವೇ ಇತ್ತು, ಅವನದು ನನ್ನ ಹತ್ತಿರ. ಎಣ್ಣೆ ಹಚ್ಚಿ ತಂದಿದ್ದ.

“ಇಬ್ರಾಗ ಒಬ್ರನ್ನ ಆರಿಸ್ಯಾರಂತಲ್ಲ. ನೀ ಆದಿ, ಚಲೋ ಆತು,” ಅಂದ. ಆಮೇಲೆ, ತನ್ನ ರೂಢಿಯಂತೆ ಬಹಳ ಹೊತ್ತು ಬಿಟ್ಟು: “ನಾ ಆಗಿದ್ರ ನೀ ಭಾಳ ಅಂಜತಿದ್ದಿ.”

“ನಿಂದು ತಂದು ಕೊಡತೇನಿ ತಡಿ,” ಅಂದೆ. ಆದರೆ ಬಾಗಿಲು ಬಿಟ್ಟು ಸರಿಯಲಿಲ್ಲ.

“ಇರಲಿ ಬಿಡು. ಇನ್ನ ಎಲ್ಲಿ ಆಡತೇನಿ?” ಮೆಟ್ಟಿಲು ಇಳಿದು ಹೋದ. ಅವನಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಾಗಲಿಲ್ಲ. ಹತ್ತು ವರ್ಷ ನನ್ನನ್ನು ತಿಂದದ್ದು ಇದೇ.

ಇನ್ನೊಂದು ಮಾತು, ಇದು ನನ್ನ ಧಂದೆಯ ಮಾತು. ಪುಕ್ಕಟೆ ಹೇಳುತ್ತೇನೆ, ಇಟ್ಟುಕೊಳ್ಳಿ. ಬೇಡದ ಗಿರಾಕಿ ಒಮ್ಮೆ ಬೆಲೆ ಕೇಳಿ ಹೋಗುತ್ತಾನೆ. ಬೇಕಾದವನು ಎರಡು ಸಲ ಕೇಳುತ್ತಾನೆ. ಮೂರನೆಯ ಸಲ ಕೇಳಿದವನು, ಅದೂ ದನಿ ಇಳಿಸಿ ಕೇಳಿದವನು, ನೀವು ಹೇಳಿದ ಬೆಲೆಗೇ ತಗೊಂಡು ಹೋಗುತ್ತಾನೆ. ನೀವು ಮಾಡಬೇಕಾದದ್ದು ಒಂದೇ, ಬಾಯಿ ಮುಚ್ಚಿಕೊಂಡಿರುವುದು. ಈ ವಿದ್ಯೆ ನನಗೆ ಅಂಗಡಿಯ ಎರಡನೆಯ ವರ್ಷದಲ್ಲಿ ತಿಳಿಯಿತು. ಒಬ್ಬ ಗಿರಾಕಿ ಒಂದು ಜೊತೆ ಮೋಟಾರಿನ ಬೆಲೆಯನ್ನು ಮೂರನೆಯ ಸಲ ಮೆಲ್ಲಗೆ ಕೇಳಿದಾಗ, ಕೈಯಲ್ಲಿದ್ದ ಸ್ಪ್ಯಾನರ್ ಜಾರಿ ಬಿತ್ತು. ಸಾಹೇಬರು ಮೂರು ಸಲ ಕೇಳಿದ್ದರು. ಚಾಚಾ ಸೌದಾ ಗೆದ್ದುಬಿಟ್ಟಿದ್ದರು. ಇನ್ನೊಂದು ಉಸಿರು ನಾನು ಸುಮ್ಮನಿದ್ದಿದ್ದರೆ ಇಬ್ಬರೂ ಪರ್ಮನೆಂಟ್. ಊರಿಗೆಲ್ಲ ಚೌಕಾಶಿ ಕಲಿಸುವ ನಾನು, ನನ್ನ ಬದುಕಿನ ದೊಡ್ಡ ಸೌದೆಯಲ್ಲಿ ನಡುವೆ ಬಾಯಿ ಹಾಕಿ ಅರ್ಧಕ್ಕೆ ಮಾರಿಕೊಂಡವ. ಆ ಪರ್ಮನೆಂಟ್ ನೌಕರಿಯನ್ನಾದರೂ ಉಳಿಸಿಕೊಂಡೆನೇ? ಐದು ವರ್ಷಕ್ಕೆ ನಾನೇ ಬಿಟ್ಟು ಅಂಗಡಿ ಹಾಕಿದೆ.

ಇರಲಿ. ಗುರುವಾರಕ್ಕೆ ಬರೋಣ.

ಹೊರಡುವಾಗ ಹೆಂಡತಿ ಕೇಳಿದಳು: “ದಾದರಿನ್ಯಾಗ ಎಲ್ಲಿ ಕೂಡತೇವಂತ ಜಾಗಾ ಹೇಳ್ಯಾರೇನ? ಐದರ ಗದ್ದಲದಾಗ ಯಾರು ಸಿಗತಾರ?” ಅವಳಿಗೆ ಕಲಿಸಿದವನೇ ನಾನು. ದಾದರಿನಲ್ಲಿ ಯಾರನ್ನೇ ಕಾಣುವುದಿದ್ದರೂ ಜಾಗ ಗೊತ್ತುಮಾಡಿಕೋ ಎಂದು.

“ಹೇಳಿಲ್ಲ,” ಅಂದೆ.

“ಮತ್ತ?”

“ಗೊತ್ತಿಲ್ಲ.” ಈ ಶಬ್ದ ನನ್ನ ಬಾಯಿಂದ ಬಂದದ್ದಕ್ಕೆ ಅವಳು ಬಾಗಿಲಲ್ಲೇ ನಿಂತುಬಿಟ್ಟಳು.

ದಾದರಿನಲ್ಲಿ ಇಳಿದೆ. ಬುಕ್‌ಸ್ಟಾಲು ಇದ್ದಲ್ಲೇ ಇತ್ತು. ಕಾಲು ತಾನಾಗಿ ಆ ಕಡೆ ಎಳೆಯಿತು, ಬಿಡಿಸಿಕೊಂಡು ಮೆಟ್ಟಿಲು ಹತ್ತಿದೆ. ಕೈಯಲ್ಲಿ ಸ್ಟಿಕ್ಕು. ನಡುವಯಸ್ಸಿನ ಹೊಟ್ಟೆಯವನೊಬ್ಬ ಹಾಕಿ ಸ್ಟಿಕ್ ಹಿಡಿದು ಬ್ರಿಜ್ಜಿನ ಮೇಲೆ ಬಂದರೆ ಮಂದಿ ದಾರಿ ಬಿಡುತ್ತಾರೆ, ಜಗಳಕ್ಕೆ ಹೊರಟಿದ್ದಾನೆಂದು. ಕಂಬಿಯ ಹತ್ತಿರ ಚಾಚಾ ಇರಲಿಲ್ಲ, ಅಂಧೇರಿಗೆ ಮುಂದೆ ಹೋಗಿರಬೇಕು. ನಾನು ಅತ್ತಿತ್ತ ನೋಡಲಿಲ್ಲ. ನೋಡಲಿಲ್ಲ ಅಂದರೆ ನೋಡದಿರಲು ಕತ್ತು ನೋಯುವಷ್ಟು ಕಷ್ಟಪಟ್ಟೆ. ಬರುತ್ತಾನೋ ಇಲ್ಲವೋ, ಬಂದರೆ ಏನು ಹೇಳಲಿ? ಬ್ರಿಜ್ಜಿನ ನಡುವಿಗೆ ಬಂದಾಗ ಎಡಗಡೆ ಯಾರೋ ನನ್ನ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದದ್ದು ಗೊತ್ತಾಯಿತು. ಬಣ್ಣದ ವಾಸನೆ.

“ಇನ್ನೂ ಪೇಂಟಿಂಗೇನ?” ಅಂದೆ, ಮುಂದೆ ನೋಡುತ್ತಲೇ.

ಮೆಟ್ಟಿಲು ಇಳಿದಮೇಲೆ ಅಂದ: “ಹೂಂ. ಬಿಲ್ಡಿಂಗು.”

ಪ್ಲಾಟ್‌ಫಾರ್ಮಿನಲ್ಲಿ ನಿಂತು ಸ್ಟಿಕ್ಕನ್ನು ಅವನ ಕೈಗೆ ಕೊಟ್ಟೆ. ಕೊಟ್ಟ ಕೈ ಹಿಂದಕ್ಕೆ ಬರುವ ಮೊದಲೇ ಹೇಳಿದೆ, ಇಲ್ಲದಿದ್ದರೆ ಹೇಳುತ್ತಿರಲಿಲ್ಲ. “ಫಕೀರಾ, ಅವ್ರು ಆರಿಸಲಿಲ್ಲೋ. ಚಾಚಾ ಇಬ್ರನ್ನೂ ತಗೋರಿ ಅಂತ ಹಟ ಹಿಡಿದಿದ್ರು. ನಾನ ನಡುವ ಬಾಯಿ ಹಾಕಿ ನನ್ನ ಹೆಸರ ಹೇಳಿದೆ.”

ಅವನು ಸ್ಟಿಕ್ಕನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಉತ್ತರಕ್ಕೆ ಹತ್ತು ನಿಮಿಷ ಬೇಕು ಅವನಿಗೆ, ನನಗೆ ಗೊತ್ತು. ಆದರೆ ಅಂಧೇರಿಯ ಗಾಡಿ ಬಂದೇಬಿಟ್ಟಿತು. ಸಂಜೆಯ ಜನ ಒಮ್ಮೆಲೇ ನುಗ್ಗಿತು. ನಾನು ಮೊದಲು ಹತ್ತುವವ, ಇವತ್ತು ಅವನ ಬಾಯಿ ನೋಡುತ್ತ ನಿಂತುಬಿಟ್ಟೆ. ಎಲ್ಲರೂ ನನ್ನನ್ನು ಬಳಸಿ ಹತ್ತಿದರು. ಫಕೀರಪ್ಪನೂ ಅವರೊಳಗೆ ಎಲ್ಲೋ ಹೋಗಿಬಿಟ್ಟ. ಮೊದಲ ಸಲ ನನಗಿಂತ ಮುಂಚೆ. ಸರಿ, ಇದೇ ಅವನ ಉತ್ತರ ಅಂದುಕೊಂಡೆ. ನ್ಯಾಯವೇ ಅನಿಸಿತು.

ಅಷ್ಟರಲ್ಲಿ ಬಾಗಿಲಲ್ಲಿ ತಲೆಗಳ ಮೇಲಿನಿಂದ ಎಣ್ಣೆ ಮಿಂಚುವ ಒಂದು ಸ್ಟಿಕ್ಕಿನ ಕೊಕ್ಕೆ ಹೊರಗೆ ಬಂತು. ಹಿಂದೆ ಫಕೀರಪ್ಪನ ಮುಖ. ಒಂದು ಕಾಲಿಡುವಷ್ಟು ಜಾಗ ಹಿಡಿದು, ಬೆನ್ನಿಂದ ಮಂದಿಯನ್ನು ತಡೆದು ನಿಂತಿದ್ದಾನೆ.

“ಹಿಡಿ,” ಅಂದ.

ಹಿಡಿದೆ. ಕೈ ಜಾರಿತು.

“ಎಷ್ಟ ಎಣ್ಣಿ ಹಚ್ಚೀಯೋ ಮಾರಾಯಾ!” ಅಂದ ಫಕೀರಪ್ಪ. “ಗಟ್ಟಿ ಹಿಡಿ.”